ಬೈಕ್‌ನ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರೆ ಹೊಗೆಯ ವಾಸನೆ ಬದಲಾಗುತ್ತದೆಯೇ?

“ಸೈಲೆನ್ಸರ್ ಬದಲಾಯಿಸಿದ ಮೇಲೆ ನಾನು ಮನೆಯೊಳಗೆ ಬಂದರೆ ಅಮ್ಮ ಮೂಗು ಮುಚ್ಚಿಕೊಳ್ಳುತ್ತಾರೆ, ಜಾಕೆಟ್ ತುಂಬಾ ಪೆಟ್ರೋಲ್ ವಾಸನೆ ಅಂತಾರೆ. ಮೆಕ್ಯಾನಿಕ್ ಮಾತ್ರ ಕ್ಯಾಟ್ ತೆಗೆದರೆ ಸೌಂಡ್ ಒಂದೇ ಬದಲಾಗೋದು, ಸ್ವಲ್ಪ ಟ್ಯೂನಿಂಗ್ ಮಾಡಿದರೆ ವಾಸನೆಯೂ ಹೋಗುತ್ತೆ ಅಂತಿದ್ದಾರೆ. ನಿಜವೇ?” ಬೆಂಗಳೂರಿನ ಓದುಗರೊಬ್ಬರು ನಮಗೆ ಕಳಿಸಿದ ಪ್ರಶ್ನೆ ಇದು. ಅವರು ಬೈಕ್ ನಿಲ್ಲಿಸುವುದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ಈ ವಿವರಕ್ಕೆ ಆಮೇಲೆ ಬರುತ್ತೇವೆ, ವಾಸನೆಗಿಂತ ಅದೇ ಮುಖ್ಯ.

ಮೊದಲು ಉತ್ತರ: ಅಮ್ಮನ ಮೂಗು ಸರಿಯಾಗಿಯೇ ಇದೆ.

ವಾಸನೆ ಬರುವುದು ಎಲ್ಲಿಂದ?

ಎಂಜಿನ್ ಒಳಗೆ ಹೋದ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಪಿಸ್ಟನ್ ರಿಂಗ್ ಸುತ್ತಲಿನ ಸಂದಿಗಳಲ್ಲಿ, ಸಿಲಿಂಡರ್ ಗೋಡೆಗೆ ತಾಗಿದಂತೆ ಸ್ವಲ್ಪ ಉಳಿದುಬಿಡುತ್ತದೆ. ಹೀಗೆ ಉಳಿದ ಹೈಡ್ರೋಕಾರ್ಬನ್‌ಗಳಲ್ಲಿ ಬೆಂಜೀನ್, ಟೊಲ್ವೀನ್‌ನಂಥವೂ ಇರುತ್ತವೆ. ಪೆಟ್ರೋಲ್ ಬಂಕ್‌ನಲ್ಲಿ ಬರುವಂಥ ವಾಸನೆ ಇವುಗಳದ್ದು. ಅರ್ಧಂಬರ್ಧ ಉರಿದದ್ದು ಆಲ್ಡಿಹೈಡ್ ಆಗುತ್ತದೆ. ಹೊಗೆಗೆ ಕಣ್ಣು ಉರಿಯಲು ಅದೂ ಒಂದು ಕಾರಣ.

ಕ್ಯಾಟಲಿಟಿಕ್ ಕನ್ವರ್ಟರ್ ಎಂದರೆ ಜೇನುಗೂಡಿನಂತೆ ತೂತುಗಳಿರುವ ಒಂದು ತುಂಡು. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಬಿಸಿ ಹೊಗೆ ಇದರ ಮೂಲಕ ಹಾಯುವಾಗ ಹೈಡ್ರೋಕಾರ್ಬನ್‌ಗಳು ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತವೆ, ಕಾರ್ಬನ್ ಮೊನಾಕ್ಸೈಡ್ ಕೂಡ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ನೈಟ್ರೋಜನ್ ಆಕ್ಸೈಡ್‌ಗಳು ಸಾದಾ ನೈಟ್ರೋಜನ್ ಆಗುತ್ತವೆ. ಈ ಮೂರಕ್ಕೂ ವಾಸನೆಯಿಲ್ಲ. ಕನ್ವರ್ಟರ್ ತೆಗೆದರೆ ಎಂಜಿನ್ ಬಿಟ್ಟದ್ದೆಲ್ಲ ನೇರವಾಗಿ ಹೊರಗೆ. ಹಳೆಯ ಕಾರ್ಬ್ಯುರೇಟರ್ ಬೈಕ್‌ಗಳ ಹಿಂದೆ ಸಿಗ್ನಲ್‌ನಲ್ಲಿ ನಿಂತವರಿಗೆ ಈ ವಾಸನೆ ಹೊಸದಲ್ಲ. (ಟೂ-ಸ್ಟ್ರೋಕ್ ಸ್ಕೂಟರ್‌ಗಳ ವಾಸನೆ ಬೇರೆ, ಅಲ್ಲಿ ಆಯಿಲ್ ಕೂಡ ಉರಿಯುತ್ತಿತ್ತು.)

ಆದರೆ ಸೈಲೆನ್ಸರ್ ಬದಲಿಸಿದ ಮಾತ್ರಕ್ಕೆ ಕನ್ವರ್ಟರ್ ಹೋಯಿತೆಂದಲ್ಲ. ಕೆಲವು ಬೈಕ್‌ಗಳಲ್ಲಿ ಅದು ಸೈಲೆನ್ಸರ್ ಒಳಗಿದ್ದರೆ, ಇನ್ನು ಕೆಲವುಗಳಲ್ಲಿ ಎಂಜಿನ್ ಹತ್ತಿರದ ಬೆಂಡ್ ಪೈಪ್‌ನಲ್ಲಿರುತ್ತದೆ. ಇನ್ನೊಂದು ವಿಷಯ: ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಲ್ಲ ಬೈಕ್‌ಗಳೂ ವಾಸನೆ ಬಿಡುತ್ತವೆ. ಆಗ ಮೂಸಿ ನೋಡಿ “ಎರಡೂ ಒಂದೇ” ಎನ್ನುವವರ ತಪ್ಪು ಇಲ್ಲಿದೆ.

ಕೊಳೆತ ಮೊಟ್ಟೆಯ ವಾಸನೆ ಬಂದರೆ?

ಇದು ಉಲ್ಟಾ ಕಥೆ. ಈ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು, ಅದು ತಯಾರಾಗುವುದು ಕನ್ವರ್ಟರ್‌ನಲ್ಲೇ. ಇಂಧನದ ಗಂಧಕ ಅದರಲ್ಲಿ ಸೇರಿಕೊಂಡು, ಪೆಟ್ರೋಲ್ ಹೆಚ್ಚಾಗಿ ಹರಿದಾಗ ಹೀಗೆ ಹೊರಬರುತ್ತದೆ. ಬಿಎಸ್-4 ಪೆಟ್ರೋಲ್‌ನಲ್ಲಿ ಗಂಧಕದ ಮಿತಿ 50 ಪಿಪಿಎಂ ಇದ್ದದ್ದು ಬಿಎಸ್-6ರಲ್ಲಿ 10ಕ್ಕೆ ಇಳಿದಿದೆ. ಹಾಗಾಗಿ ಈಗಲೂ ಈ ವಾಸನೆ ಬರುತ್ತಲೇ ಇದ್ದರೆ ಮೊದಲು ನೋಡಿಸಬೇಕಾದ್ದು ಇಂಜೆಕ್ಟರ್, ಸೆನ್ಸರ್‌ಗಳನ್ನು. ಕನ್ವರ್ಟರನ್ನೇ ಕಿತ್ತು ಹಾಕುವುದು ನೆಗಡಿಗೆ ಮೂಗು ಕೊಯ್ದಂತೆ.

ಟ್ಯೂನಿಂಗ್ ಮಾಡಿದರೆ ಹೋಗುತ್ತದೆಯೇ?

ಪೆಟ್ರೋಲ್ ಪ್ರಮಾಣ ಸ್ವಲ್ಪ ತಗ್ಗಿಸಿದರೆ ವಾಸನೆ ಒಂದಿಷ್ಟು ಕಡಿಮೆಯಾಗಬಹುದು. ಆದರೆ ಆಗ ನೈಟ್ರೋಜನ್ ಆಕ್ಸೈಡ್‌ಗಳು ಹೆಚ್ಚುತ್ತವೆ. ಪಿಕಪ್‌ಗಾಗಿ ಮಾಡುವ ಟ್ಯೂನಿಂಗ್‌ನಲ್ಲಂತೂ ಪೆಟ್ರೋಲ್ ಹೆಚ್ಚಿಸುವುದೇ ರೂಢಿ, ಆಗ ವಾಸನೆಯೂ ಹೆಚ್ಚು. ಎಷ್ಟೇ ಚೆನ್ನಾಗಿ ಟ್ಯೂನ್ ಮಾಡಿದರೂ ಎಂಜಿನ್‌ನಿಂದ ಮೂರೂ ಅನಿಲಗಳು ಹೊರಬರುತ್ತವೆ.

ಈಗ ನೆಲಮಾಳಿಗೆಯ ಮಾತು. ಇವುಗಳಲ್ಲಿ ಕೂಡಲೇ ಜೀವಕ್ಕೆ ಅಪಾಯ ತರಬಲ್ಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಟ್ಯೂನಿಂಗ್ ಮಾಡಿಸಿ ವಾಸನೆ ಹೋಯಿತೆಂದು ನೆಮ್ಮದಿಯಾಗಿದ್ದರೆ, ಈ ಅನಿಲ ಹೋಯಿತೋ ಇಲ್ಲವೋ ಮೂಗಿಗೆ ತಿಳಿಯುವುದಿಲ್ಲ. ವಾಸನೆಯ ನಡುವೆ ಕೆಲವು ನಿಮಿಷ ಇದ್ದರೆ ಮೂಗು ಅದಕ್ಕೆ ಒಗ್ಗಿಕೊಂಡೂ ಬಿಡುತ್ತದೆ. ಬೈಕ್ ಓಡಿಸಿದವರಿಗೆ ಗೊತ್ತಾಗದ್ದು ಮನೆಯಲ್ಲಿದ್ದ ಅಮ್ಮನಿಗೆ ಗೊತ್ತಾದದ್ದು ಹೀಗೆ. ಕನ್ವರ್ಟರ್ ಇರುವ ಬೈಕನ್ನೂ ಮುಚ್ಚಿದ ಜಾಗದಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡಬಾರದು.

“ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ” ಎಂಬ ಸಮಾಧಾನವೂ ಸಾಲದು. ಆ ತಪಾಸಣೆಯಲ್ಲಿ ಪೆಟ್ರೋಲ್ ಬೈಕ್‌ನ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು ನಿಂತಲ್ಲೇ ಅಳೆಯುತ್ತಾರೆ, ನೈಟ್ರೋಜನ್ ಆಕ್ಸೈಡ್‌ಗಳನ್ನಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಮಾನದಂಡದಲ್ಲಿ ಮೂರಕ್ಕೂ ಪ್ರತ್ಯೇಕ ಮಿತಿಯಿದೆ. ಕಾನೂನಿನ ಪ್ರಕಾರ, ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕರಿಗೆ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್‌ನಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ದಂಡ ಕಟ್ಟಬೇಕಾದವರು ಮೆಕ್ಯಾನಿಕ್ ಅಲ್ಲ, ಬೈಕ್ ಮಾಲೀಕರು.

ನಮ್ಮ ಓದುಗರ ಹಳೆಯ ಸೈಲೆನ್ಸರ್ ಗ್ಯಾರೇಜ್‌ನಲ್ಲೇ ಉಳಿದಿದೆಯಂತೆ. “ಅದು ಗುಜರಿ, ಬಿಡಿ” ಎಂದರಂತೆ. ಅದರೊಳಗಿನ ಲೋಹಗಳಿಗೆ ಗುಜರಿಯಲ್ಲೂ ಒಳ್ಳೆಯ ಬೆಲೆಯಿದೆ. ಇವತ್ತೇ ಹೋಗಿ ಕೇಳಿ ಎಂದು ಅವರಿಗೆ ಹೇಳಿದ್ದೇವೆ.