ಹೊಲದ ಸಾಕ್ಷಿಯಾದ ಮೊಬೈಲ್ ಕ್ಯಾಮೆರಾ

ಮುಂಗಾರಿ ತೊಗರಿ ಮೊಣಕಾಲುದ್ದ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಎರಿ ಹೊಲಗಳಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತವರು ಕಾಣುತ್ತಾರೆ. ಅವರು ತೆಗೆಯುವ ಫೋಟೊ ಸ್ಟೇಟಸ್ಸಿಗೆ ಹೋಗುವುದಲ್ಲ. ಇಂಥ ಸರ್ವೆ ನಂಬರಿನಲ್ಲಿ ಈ ಹಂಗಾಮಿಗೆ ತೊಗರಿಯೇ ಇದೆ ಎಂಬುದಷ್ಟೇ ಅದರಲ್ಲಿ ಕಾಣಬೇಕು. ಉತಾರದ ಬೆಳೆ ಕಾಲಂ, ಬೆಳೆವಿಮೆ, ಬೆಂಬಲ ಬೆಲೆ ಖರೀದಿ, ಹಾನಿ ಪರಿಹಾರ ಎಲ್ಲವೂ ಆ ಒಂದು ಚಿತ್ರವನ್ನು ನೆಚ್ಚಿಕೊಂಡಿವೆ. ಮೊಬೈಲ್ ಫೋಟೊಗ್ರಫಿ ಎಂದೊಡನೆ ಮೆಗಾಪಿಕ್ಸೆಲ್, ಪೋರ್ಟ್ರೇಟ್, ಫಿಲ್ಟರ್ ಎಂದು ಮಾತು ಶುರುವಾಗುವ ಈ ಕಾಲದಲ್ಲಿ ವಿಜಯಪುರ ಜಿಲ್ಲೆಯ ಈ ತಾಲ್ಲೂಕುಗಳ ಕಥೆ ಬೇರೆಯೇ ಇದೆ. ತೆಗೆದ ಚಿತ್ರ ಹೊಲದ ನಕ್ಷೆಗೆ ಅಂಟಿಕೊಂಡ ದಿನದಿಂದ ಇಲ್ಲಿ ಮೊಬೈಲ್ ಕ್ಯಾಮೆರಾಕ್ಕೆ ನಿಜವಾದ ಬೆಲೆ ಬಂತು. ಅಂದಿನಿಂದ ಅದು ದಾಖಲೆ. ದಾಖಲೆ ಎಂದಾದ ಮೇಲೆ ಅದು ಯಾರ ಕೈಯಲ್ಲಿರಬೇಕು, ಅದನ್ನು ಯಾರು ಪ್ರಶ್ನಿಸಬಹುದು ಎಂಬುದೂ ಇತ್ಯರ್ಥವಾಗಬೇಕು. ಆ ಕೆಲಸ ಇನ್ನೂ ಅರ್ಧಕ್ಕೇ ನಿಂತಿದೆ.

ಈ ಸೀಮೆಗೆ ಕ್ಯಾಮೆರಾ ಮೊದಲು ಬಂದದ್ದೇ ಸರಕಾರದ ಕೆಲಸಕ್ಕೆ. 1855ರಲ್ಲಿ ಮುಂಬಯಿ ಸರಕಾರ ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅವರನ್ನು ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವರು ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕಾಗದದ ನೆಗೆಟಿವ್ ಬಳಸಿ ಚಿತ್ರ ತೆಗೆದರು. ಆ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹದೊಂದಿಗೆ ದೊಡ್ಡ ಪುಸ್ತಕಗಳಾಗಿ ಬಂದವು. ಕಲ್ಲಿಗೆ ಹೀಗೆ ಚಿತ್ರದ ದಾಖಲೆ ಸಿಕ್ಕಿತು, ಬೆಳೆಗೆ ಸಿಗಲಿಲ್ಲ. ಆಗ ಕಲಾದಗಿ ಎನಿಸಿಕೊಂಡಿದ್ದ ಈ ಜಿಲ್ಲೆ 1876ರಿಂದ 1878ರವರೆಗಿನ ಮಹಾಬರದಲ್ಲಿ ಮುಂಬಯಿ ಪ್ರಾಂತದಲ್ಲೇ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲೊಂದು. ಬೆಳೆ ಎಷ್ಟು ಬಂತು ಎನ್ನುವುದನ್ನು ಮುಂಬಯಿ ಪ್ರಾಂತದಲ್ಲಿ ಆಣೆವಾರಿಯಿಂದ ಅಳೆಯುತ್ತಿದ್ದರು. ಪೂರ್ಣ ಬೆಳೆ ಹದಿನಾರಾಣೆ, ಅರ್ಧ ಬೆಳೆ ಎಂಟಾಣೆ. ಆ ಲೆಕ್ಕ ಊರಿನ ಸರಾಸರಿ. ಬದುವಿನ ಆಚೆಯವನಿಗೆ ಹತ್ತಾಣೆ ಬಂದು ಈಚೆಯವನಿಗೆ ಎರಡಾಣೆ ಬಂದಿದ್ದರೆ ಈಚೆಯವನ ನಷ್ಟ ಸರಾಸರಿಯಲ್ಲಿ ಕರಗಿಹೋಗುತ್ತಿತ್ತು. ಹೊಲವಾರು ಬೆಳೆ ಬರೆಯುವ ಪಹಣಿ ಇತ್ತು ನಿಜ. ಅದನ್ನು ಮೊದಲು ಕುಲಕರ್ಣಿ, ಆಮೇಲೆ ತಲಾಠಿ ಬರೆಯುತ್ತಿದ್ದರು. ಹೊಲಕ್ಕೆ ಬಾರದೆ ಚಾವಡಿಯಲ್ಲಿ ಕುಳಿತೇ ಕಾಲಂ ತುಂಬುತ್ತಾರೆ, ಹೋದ ವರ್ಷದ್ದನ್ನೇ ಈ ವರ್ಷವೂ ಇಳಿಸುತ್ತಾರೆ ಎಂಬ ದೂರು ಪಹಣಿಯಷ್ಟೇ ಹಳೆಯದು. ಜೋಳದ ಹೊಲ ಕಾಗದದಲ್ಲಿ ಹತ್ತಿಯ ಹೊಲವಾಗಿದ್ದರೆ ರೈತ ತನ್ನ ಬಾಯಿಮಾತನ್ನು ಬಿಟ್ಟು ಬೇರೇನನ್ನೂ ಮುಂದಿಡುವಂತಿರಲಿಲ್ಲ.

ಒಂದೇ ವರ್ಷದ ಮೂರು ಬೀಜಗಳು

ಈ ಸ್ಥಿತಿ ಬದಲಾಗಲು ಬೇಕಾದ ಮೂರು ಸಂಗತಿಗಳು 2000ನೇ ಇಸವಿಯ ಸುಮಾರಿಗೆ, ಒಂದರ ಸುದ್ದಿ ಇನ್ನೊಂದಕ್ಕಿಲ್ಲದೆ, ಬೇರೆ ಬೇರೆ ಕಡೆ ನಡೆದವು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕ ಸರಕಾರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ತೆಗೆದುಹಾಕಿತು. ಅದುವರೆಗೆ ನೂರು ಮೀಟರಿನಷ್ಟು ಆಚೀಚೆ ತೋರುತ್ತಿದ್ದ ಸಾಧನಗಳು ಹತ್ತಿಪ್ಪತ್ತು ಮೀಟರಿನೊಳಗೆ ಜಾಗ ಹೇಳತೊಡಗಿದವು. ಅದೇ ವರ್ಷದ ನವೆಂಬರಿನಲ್ಲಿ ಜಪಾನಿನ ಶಾರ್ಪ್ ಕಂಪನಿಯ ಕ್ಯಾಮೆರಾ ಫೋನ್ ಮಾರುಕಟ್ಟೆಗೆ ಬಂತು. ಅದರ ಚಿತ್ರದಲ್ಲಿದ್ದದ್ದು ಬರೀ ಒಂದು ಲಕ್ಷ ಚಿಲ್ಲರೆ ಪಿಕ್ಸೆಲ್. ಕರ್ನಾಟಕದಲ್ಲಿ ಅದೇ ಹೊತ್ತಿಗೆ ‘ಭೂಮಿ’ ಯೋಜನೆ ನಡೆದಿತ್ತು. ಕೈಬರಹದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ಜಾಗ ಹೇಳುವ ಉಪಗ್ರಹ, ಜೇಬಿನಲ್ಲಿ ಹಿಡಿಯುವ ಕ್ಯಾಮೆರಾ, ಸರ್ವೆ ನಂಬರುಗಳ ಗಣಕ ದಾಖಲೆ, ಈ ಮೂರೂ ಒಂದೇ ಸಾಧನದಲ್ಲಿ ಕೂಡಿಕೊಳ್ಳಲು ಇನ್ನೂ ಹದಿನೈದು ವರ್ಷ ಬೇಕಾಯಿತು. ಕಡೆಯ ಕೊರತೆ ನೀಗಿಸಿದ್ದು ಅಗ್ಗದ ಇಂಟರ್ನೆಟ್. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ದರ ಕುಸಿದ ಮೇಲೆ ಹಳ್ಳಿಯಿಂದ ಫೋಟೊ ಕಳಿಸುವುದು ಖರ್ಚಿನ ಬಾಬತ್ತಾಗಿ ಉಳಿಯಲಿಲ್ಲ.

ಅಲ್ಲಿಂದ ಮುಂದಿನ ಹೆಜ್ಜೆಗಳು ಬೇಗ ಬಿದ್ದವು. 2017ರ ಹೊತ್ತಿಗೆ ರಾಜ್ಯದಲ್ಲಿ ಬೆಳೆ ಸಮೀಕ್ಷೆ ಮೊಬೈಲ್ ಆ್ಯಪ್‌ಗೆ ಬಂತು. ಮರುವರ್ಷ ಬಂದ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರನ್ನು ಯಾರು ಬೇಕಾದರೂ ನೋಡುವಂತಾಯಿತು. 2020ರ ಮುಂಗಾರಿಗೆ ರೈತರೇ ತಮ್ಮ ಹೊಲದ ಬೆಳೆಯನ್ನು ಫೋಟೊ ಸಮೇತ ದಾಖಲಿಸುವ ಆ್ಯಪ್ ಬಿಡುಗಡೆಯಾಯಿತು. ಫೋನ್ ಇಲ್ಲದವರಿಗೆ, ಬಳಕೆ ಬಾರದವರಿಗೆ ಖಾಸಗಿ ನಿವಾಸಿ ಎಂದು ಕರೆಯುವ ಸಮೀಕ್ಷೆದಾರರ ನೆರವು ಮುಂದುವರಿಯಿತು. ಆ ವರ್ಷವೇ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಭಾಗದ ದಂಡೆಯ ಹೊಲಗಳಿಗೆ ನುಗ್ಗಿತು. ನೀರು ಇಳಿದ ಹೊಲದಲ್ಲಿ ಕೆಸರು ಉಳಿಯುತ್ತದೆ, ಅಲ್ಲಿ ಕಬ್ಬಿತ್ತೋ ತೊಗರಿಯಿತ್ತೋ ಎಂಬುದನ್ನು ಕೆಸರು ಹೇಳುವುದಿಲ್ಲ. ಹಾನಿಯಾದ ಮೇಲೆ ತೆಗೆದ ಚಿತ್ರ ಹಾನಿಯನ್ನಷ್ಟೇ ತೋರಿಸುತ್ತದೆ, ಏನು ಹಾನಿಯಾಯಿತು ಎಂಬುದನ್ನು ತೋರಿಸುವುದು ಅದಕ್ಕೆ ಮುಂಚೆ ತೆಗೆದ ಚಿತ್ರ. ಬೆಳೆ ಚೆನ್ನಾಗಿರುವಾಗ ಫೋಟೊ ಯಾಕೆ ಎಂದು ಕೇಳುವವರಿಗೆ ನದಿದಂಡೆಯ ಹೊಲಗಳಲ್ಲೇ ಉತ್ತರವಿದೆ.

ಹತ್ತು ಮೀಟರಿನ ಗುಂಟೆ

ಆ ಫೋಟೊ ಹೇಗೆ ದಾಖಲೆಯಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಆ್ಯಪ್ ಮೊದಲು ಊರಿನ ಹೊಲಗಳ ಗಡಿರೇಖೆಯನ್ನು ಫೋನಿಗೆ ಇಳಿಸಿಕೊಳ್ಳುತ್ತದೆ. ರೈತ ತನ್ನ ಸರ್ವೆ ನಂಬರ್, ಹಿಸ್ಸಾ ಆರಿಸಿಕೊಂಡು ಹೊಲದೊಳಗೆ ನಿಲ್ಲಬೇಕು. ಪರದೆಯ ಮೇಲಿನ ಚುಕ್ಕೆ ಗಡಿರೇಖೆಯ ಒಳಗಿದ್ದರೆ ಕೆಲಸ ಮುಂದುವರಿಯುತ್ತದೆ. ಬೆಳೆಯ ಹೆಸರು, ಎಕರೆ-ಗುಂಟೆ, ನೀರಾವರಿಯೋ ಮಳೆಯಾಶ್ರಿತವೋ, ಒಂದೇ ಬೆಳೆಯೋ ಮಿಶ್ರ ಬೆಳೆಯೋ ಎಂಬುದನ್ನು ತುಂಬಿ ಫೋಟೊ ತೆಗೆಯಬೇಕು. ಅಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನಲ್ಲೇ ಉಳಿಸಿ, ಊರಿಗೆ ಬಂದು ಅಪ್‌ಲೋಡ್ ಮಾಡಬಹುದು. ಆಮೇಲೆ ಮೇಲ್ವಿಚಾರಕರು ಚಿತ್ರ ನೋಡಿ ಒಪ್ಪುತ್ತಾರೆ ಇಲ್ಲವೆ ತಿರಸ್ಕರಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಬಯಲು ಆಕಾಶದ ಕೆಳಗೆ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ; ಅಂದರೆ ಹತ್ತು ಮೀಟರಿನ ಚೌಕ. ಅಣ್ಣತಮ್ಮಂದಿರು ಪಾಲಾಗಿ ಹೊಲ ಉದ್ದನೆಯ ಪಟ್ಟಿಗಳಾಗಿರುವಲ್ಲಿ ಐದು ಮೀಟರಿನ ತಪ್ಪು ಚುಕ್ಕೆಯನ್ನು ತಮ್ಮನ ಪಟ್ಟಿಯಿಂದ ಅಣ್ಣನ ಪಟ್ಟಿಗೆ ದಾಟಿಸಬಲ್ಲದು. ಇಂಡಿ ಭಾಗದ ಲಿಂಬೆ ಗಿಡಗಳ ನೆರಳಿನಲ್ಲಿ, ಎದೆ ಮೀರಿದ ಕಬ್ಬಿನ ನಡುವೆ ಈ ತಪ್ಪು ಇನ್ನೂ ಹೆಚ್ಚು. ಆದ್ದರಿಂದ ಬದುವಿನ ಮೇಲೆ ನಿಲ್ಲದೆ ಹೊಲದ ನಡುವಿಗೆ ಹೋಗಿ, ತಲೆಯ ಮೇಲೆ ಆಕಾಶ ಕಾಣುವಲ್ಲಿ ಒಂದು ನಿಮಿಷ ಕಾದು ಚುಕ್ಕೆ ನಿಂತ ಮೇಲೆ ಕ್ಲಿಕ್ ಮಾಡುವುದು ಒಳ್ಳೆಯದು. ಇಲ್ಲಿ ನಲವತ್ತೆಂಟು ಮೆಗಾಪಿಕ್ಸೆಲ್‌ಗಿಂತ ಈ ಒಂದು ನಿಮಿಷ ಹೆಚ್ಚು ಬಾಳುತ್ತದೆ.

ಫೋನಿನ ಜೊತೆ ಕೊಳ್ಳುವ ಸಾಮಾನುಗಳನ್ನೂ ಇದೇ ಅಳತೆಯಲ್ಲಿ ತೂಗಬೇಕು. ರಿಂಗ್ ಲೈಟು, ಸೆಲ್ಫಿ ಸ್ಟಿಕ್ಕು ಹೊಲಕ್ಕೆ ಬೇಕಿಲ್ಲ. ಜಿಪಿಎಸ್ ಮತ್ತು ಕ್ಯಾಮೆರಾ ಎರಡೂ ಹೊತ್ತಿಕೊಂಡಿದ್ದರೆ ಹಳೆಯ ಫೋನಿನ ಚಾರ್ಜು ಬೇಗ ಇಳಿಯುತ್ತದೆ, ಹಾಗಾಗಿ ಪವರ್ ಬ್ಯಾಂಕ್ ಬೇಕು. ಮಳೆಗಾಲಕ್ಕೆ ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲ ಬೇಕು. ಲೆನ್ಸಿನ ಮೇಲಿನ ಎರಿ ಧೂಳು, ಬೆರಳಿನ ಜಿಡ್ಡು ಒರೆಸಲು ಮೆತ್ತನೆಯ ಅರಿವೆ ತುಂಡು ಬೇಕು. ನೂರಾರು ರೂಪಾಯಿಗೆ ಸಿಗುವ ಕ್ಲಿಪ್ ಮ್ಯಾಕ್ರೊ ಲೆನ್ಸ್ ಕೂಡ ರೋಗ ಹಿಡಿದ ಎಲೆಯ ಮುಂದೆ ಉಪಯೋಗಕ್ಕೆ ಬರುತ್ತದೆ. ಸಾಧಾರಣ ಫೋನು ಎಂಟು-ಹತ್ತು ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಚಿತ್ರ ಮಸುಕಾಗುತ್ತದೆ. ಲಿಂಬೆಯ ಕಜ್ಜಿ ರೋಗದ ಗುರುತು ಒರಟು ಕಲೆಯ ಸುತ್ತ ಹಳದಿ ಉಂಗುರ. ಅದು ಸ್ಪಷ್ಟವಾಗಿ ಕಂಡರಷ್ಟೇ ಕೃಷಿ ವಿಜ್ಞಾನ ಕೇಂದ್ರದವರಾಗಲಿ, ಎಲೆಯ ಚಿತ್ರದಿಂದ ರೋಗ ಹೇಳುವ ಪ್ಲಾಂಟಿಕ್ಸ್‌ನಂಥ ಆ್ಯಪ್ ಆಗಲಿ ಏನಾದರೂ ಹೇಳಬಹುದು. ತೊಗರಿಯ ನೆಟೆ ರೋಗಕ್ಕೆ ಇದೂ ಸಾಲದು. 2022ರ ಮುಂಗಾರಿನ ತೊಗರಿಯನ್ನು ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ ಈ ರೋಗ ಒಣಗಿಸಿತು. ಬಾಡಿದ ಗಿಡವನ್ನು ದೂರದಿಂದ ತೆಗೆದರೆ ನೀರಿಲ್ಲದೆ ಬಾಡಿದ್ದೋ ರೋಗ ತಗುಲಿದ್ದೋ ತಿಳಿಯುವುದಿಲ್ಲ. ಗಿಡ ಕಿತ್ತು, ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ, ಒಳಗಿನ ಕಂದು-ಕಪ್ಪು ಗೆರೆ ಕಾಣುವಂತೆ ತೆಗೆದ ಚಿತ್ರಕ್ಕೆ ಬೆಲೆಯುಂಟು. ಒಳ್ಳೆಯ ಫೋಟೊ ಎಂದರೆ ಪ್ರಶ್ನೆಗೆ ಉತ್ತರ ಕೊಡುವ ಫೋಟೊ ಎಂಬ ಪಾಠವನ್ನು ಸೀಳಿದ ತೊಗರಿಕಾಂಡ ಕಲಿಸುತ್ತದೆ.

ಎತ್ತಬಹುದಾದ ತಕರಾರುಗಳು

ಇಷ್ಟು ಹೇಳಿದ ಮೇಲೆ ತಕರಾರುಗಳನ್ನು ಎದುರಿಸಲೇಬೇಕು. ಫೋಟೊದಲ್ಲೂ ಸುಳ್ಳು ಹೇಳಬಹುದಲ್ಲ ಎಂಬುದು ಮೊದಲನೆಯದು. ನಿಜ. ಉದ್ಯೋಗ ಖಾತರಿ ಕೆಲಸದಲ್ಲಿ ಕೂಲಿಕಾರರ ಹಾಜರಿಗೆ ದಿನಕ್ಕೆರಡು ಬಾರಿ ಫೋಟೊ ತೆಗೆಯುವ ಆ್ಯಪ್ 2023ರ ಜನವರಿಯಿಂದ ಎಲ್ಲ ಕಡೆ ಕಡ್ಡಾಯವಾಯಿತು. ಫೋಟೊದ ಫೋಟೊ ತೆಗೆದು ಹಾಕುವುದು, ಸಂಬಂಧವಿಲ್ಲದ ಚಿತ್ರ ಸೇರಿಸುವುದು ನಡೆದಿದೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಿತು. ಆದರೆ ಚಾವಡಿಯಲ್ಲಿ ಬರೆದ ಸುಳ್ಳಿಗೂ ಇದಕ್ಕೂ ವ್ಯತ್ಯಾಸವಿದೆ. ಕಾಗದದ ಸುಳ್ಳನ್ನು ವರ್ಷ ಕಳೆದ ಮೇಲೆ ಹಿಡಿಯುವುದು ಕಷ್ಟ. ಸುಳ್ಳು ಫೋಟೊ ತನ್ನ ಜಾಗ, ಹೊತ್ತು, ತೆಗೆದವರ ಗುರುತಿನೊಂದಿಗೆ ಉಳಿದಿರುತ್ತದೆ, ಮತ್ತೆ ತೆರೆದು ನೋಡಬಹುದು. ತಪ್ಪು ಸಿಕ್ಕಿಬಿದ್ದದ್ದೇ ಚಿತ್ರ ಉಳಿದಿತ್ತು ಎಂಬ ಕಾರಣದಿಂದ.

ಉಪಗ್ರಹವೇ ಮೇಲಿಂದ ನೋಡುವಾಗ ರೈತನಿಗೇಕೆ ಈ ತೊಂದರೆ ಎಂಬುದು ಎರಡನೆಯದು. ಮುಂಗಾರಿನಲ್ಲಿ ಬೆಳೆ ಗುರುತಿಸಬೇಕಾದ ವಾರಗಳಲ್ಲೇ ಮೋಡ ಕವಿದಿರುತ್ತದೆ. ಮೋಡದಾಚೆಗೂ ಕಾಣುವ ರಾಡಾರ್ ಉಪಗ್ರಹಗಳಿದ್ದರೂ ತೊಗರಿಯ ಸಾಲಿನ ನಡುವೆ ಹೆಸರು, ಸಜ್ಜೆ ಹಾಕಿದ ಅಕ್ಕಡಿ ಬೆಳೆಯನ್ನು ಸಣ್ಣ ಹಿಡುವಳಿಯಲ್ಲಿ ಬಿಡಿಸಿ ಹೇಳುವುದು ಸುಲಭವಲ್ಲ. ಉಪಗ್ರಹದ ಲೆಕ್ಕವನ್ನು ತಾಳೆ ನೋಡಲಿಕ್ಕೂ ನೆಲದ ಚಿತ್ರವೇ ಬೇಕು. ಮೂರನೆಯ ತಕರಾರು ಇನ್ನೂ ಗಟ್ಟಿಯಾದದ್ದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟದ ಪರಿಹಾರ ಇಂದಿಗೂ ಗ್ರಾಮ ಪಂಚಾಯಿತಿ ಇಲ್ಲವೆ ಹೋಬಳಿ ಮಟ್ಟದ ಬೆಳೆ ಕಟಾವು ಪ್ರಯೋಗದ ಸರಾಸರಿಯನ್ನೇ ನೋಡುತ್ತದೆ, ಹಾಗಾದರೆ ಆಣೆವಾರಿ ಹೋಯಿತೆಂದು ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ಪೂರ್ತಿ ಹೋಗಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಆಲಿಕಲ್ಲು, ಮೇಘಸ್ಫೋಟದಂಥ ಸ್ಥಳೀಯ ವಿಕೋಪಕ್ಕೆ ಅದೇ ಯೋಜನೆಯಲ್ಲಿ ಹೊಲವಾರು ಪರಿಹಾರವುಂಟು. ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು, ಆ್ಯಪ್ ಮೂಲಕ ಚಿತ್ರ ಸಮೇತ ತಿಳಿಸಬಹುದು. ಸರಾಸರಿಯ ಗೋಡೆಯಲ್ಲಿ ಒಂದು ಕಿಂಡಿಯಂತೂ ತೆರೆದಿದೆ.

ನಾಲ್ಕನೆಯ ತಕರಾರಿಗೆ ಸುಲಭದ ಉತ್ತರವಿಲ್ಲ. ಉತಾರ ಗಂಡನ ಹೆಸರಿನಲ್ಲಿದ್ದು ಹೊಲ ನೋಡಿಕೊಳ್ಳುವುದು ಹೆಂಡತಿಯಾಗಿದ್ದರೆ, ಸ್ಮಾರ್ಟ್‌ಫೋನು ಪುಣೆಗೋ ಗೋವೆಗೋ ದುಡಿಯಲು ಹೋದ ಮಗನ ಹತ್ತಿರವಿದ್ದರೆ, ಲಾವಣಿಗೆ ಮಾಡುವವನ ಹೆಸರು ಯಾವ ಕಾಲಂನಲ್ಲೂ ಇಲ್ಲದಿದ್ದರೆ ಈ ಕ್ಯಾಮೆರಾ ಯಾರ ಸಾಕ್ಷಿ? ಸಾಕ್ಷಿ ಹೇಳುವ ಹಕ್ಕು ಕೊಟ್ಟಂತೆ ಮಾಡಿ ಸಾಕ್ಷಿ ತರುವ ಹೊರೆಯನ್ನು ಬಡವನ ಮೇಲೆ ಹೊರಿಸಿದರೆ ತಲಾಠಿಯ ಸೋಮಾರಿತನದ ಜಾಗಕ್ಕೆ ಆ್ಯಪ್‌ನ ನೆಪ ಬಂದಂತಾಗುತ್ತದೆ, ಅಷ್ಟೆ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ತನ್ನ ಹೊಲದ ಬೆಳೆ ಏನೆಂದು ದಾಖಲಾಗಿದೆ ಎಂದು ನೋಡಿ ಆಕ್ಷೇಪಣೆ ಸಲ್ಲಿಸುವ ಅವಕಾಶವಿರುವುದು ಒಳ್ಳೆಯದೇ. ಆದರೆ ಅದಕ್ಕೂ ಫೋನೇ ಬೇಕು.

ಆದ್ದರಿಂದ ಕೇಳಬೇಕಾದದ್ದು ಮೂರು. ಅಪ್‌ಲೋಡ್ ಆದ ಪ್ರತಿ ಚಿತ್ರಕ್ಕೂ ಸರ್ವೆ ನಂಬರ್, ತಾರೀಖು, ದಾಖಲಾದ ಬೆಳೆ ನಮೂದಿಸಿದ ಕನ್ನಡದ ರಸೀದಿ ರೈತನ ಕೈಗೆ ಬರಬೇಕು, ಫೋನ್ ಇಲ್ಲದವರಿಗೆ ಅದನ್ನು ಗ್ರಾಮ ಪಂಚಾಯಿತಿಯಲ್ಲಿ ಅಚ್ಚು ಹಾಕಿ ಕೊಡಬೇಕು. ಚಿತ್ರ ತಿರಸ್ಕೃತವಾದರೆ ಯಾಕೆಂದು ಹೇಳಬೇಕು, ಬೆಳೆ ಹೊಲದಲ್ಲಿ ಇರುವಾಗಲೇ ಹೇಳಬೇಕು, ರಾಶಿಯಾದ ಮೇಲೆ ಹೇಳಿ ಪ್ರಯೋಜನವಿಲ್ಲ. ಫೋಟೊ ಇಲ್ಲ ಎಂದಾಕ್ಷಣ ಬೆಳೆಯೂ ಇಲ್ಲ ಎಂದು ತೀರ್ಮಾನಿಸುವಂತಿಲ್ಲ, ಅಂಥ ಹೊಲಕ್ಕೆ ಗ್ರಾಮ ಆಡಳಿತ ಅಧಿಕಾರಿ ತಾವೇ ನಡೆದು ಬರಬೇಕು. ಇವಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ. ಜಾಗ, ಹೊತ್ತು, ಹೆಸರು ಎಲ್ಲವೂ ಆ ಫೋಟೊದಲ್ಲಿ ಈಗಾಗಲೇ ಇವೆ. ಸರಕಾರ ರೈತನಿಂದ ಆ ಸಾಕ್ಷಿಯನ್ನು ಪಡೆದುಕೊಂಡಿದೆ, ಅದರ ಒಂದು ಪ್ರತಿಯನ್ನು ಅವನಿಗೂ ಕೊಡುವುದು ಅದರ ಕರ್ತವ್ಯ.