ಪುಸ್ತಕಕ್ಕೂ ಒಂದು ಒಳ್ಳೆ ಮನೆ ಬೇಕಲ್ಲವೇ?



ಊರಿನ ಗ್ರಂಥಾಲಯ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದೇನು? ಒಂದು ಕತ್ತಲೆ ಕೋಣೆ, ಬಾಗಿಲಲ್ಲೇ ಪೇಪರ್ ಹಿಡಿದು ಕುಳಿತ ನಾಲ್ಕು ಗಂಡಸರು. ಅವರನ್ನು ದಾಟಿ ಹೆಣ್ಣುಮಕ್ಕಳು ಒಳಗೆ ಹೋಗೋದು ಹೇಗೆ? ಯಾರು ಓದುತ್ತಾರೆ ಅನ್ನೋದು ಕಟ್ಟಡ ಹೇಗಿದೆ ಎಂಬುದರ ಮೇಲೂ ನಿಂತಿದೆ.

ನಮ್ಮಲ್ಲಿ ಶಿರಡಿಗೆ ಹೋಗಿಬಂದವರು ಬಹಳ. ಅದರ ಹತ್ತಿರವೇ ಕೋಪರಗಾಂವದ ಶಾಲೆಯೊಂದರ ಆವರಣದಲ್ಲಿ 2018ರಲ್ಲಿ ಕಟ್ಟಿದ ಮಾಯಾ ಸೋಮೈಯಾ ಗ್ರಂಥಾಲಯವಿದೆ. (ರಾಯಬಾಗದ ಆಚೆ ಸಮೀರವಾಡಿ ಸಕ್ಕರೆ ಕಾರ್ಖಾನೆ ಗೊತ್ತಲ್ಲ, ಅದೇ ಸೋಮೈಯಾ ಮನೆತನ.) ಮುಂಬೈನ ವಾಸ್ತುಶಿಲ್ಪಿ ಸಮೀಪ ಪಡೋರಾ ಅವರ ಸಂಸ್ಥೆ ಇದನ್ನು ರೂಪಿಸಿತು. ದೂರದಿಂದ ನೋಡಿದರೆ ನೆಲವೇ ಉಬ್ಬಿ ದಿಬ್ಬವಾದಂತೆ ಕಾಣುತ್ತದೆ. ಮಕ್ಕಳು ಮಾಳಿಗೆಯ ಮೇಲೆ ಹತ್ತಿ ಆಚೆ ಬದಿಗೆ ಇಳಿಯುತ್ತಾರೆ, ಕೆಳಗೆ ಕಮಾನಿನ ನೆರಳಲ್ಲಿ ಕುಳಿತು ಓದುತ್ತಾರೆ. ಆಡುತ್ತಾ ಆಡುತ್ತಾ ಪುಸ್ತಕದ ಹತ್ತಿರ ಬಂದುಬಿಡುತ್ತಾರೆ!

ಆ ಮಾಳಿಗೆ ತೆಳ್ಳನೆಯ ಇಟ್ಟಿಗೆ ಬಿಲ್ಲೆಗಳನ್ನು ಪದರ ಪದರವಾಗಿ ಕೂಡಿಸಿದ್ದು. ಸ್ಪೇನ್ ದೇಶದ ಹಳೇ ಪದ್ಧತಿ ಇದು. ಒಂದು ಬಿಲ್ಲೆ ಇನ್ನೊಂದನ್ನು ಒತ್ತಿ ಹಿಡಿಯುತ್ತದೆ, ಭಾರವೆಲ್ಲ ಬಾಗಿದ ದಾರಿಯಲ್ಲೇ ನೆಲಕ್ಕೆ ಇಳಿಯುತ್ತದೆ. ನಮಗೇನು ಇದು ಹೊಸದಲ್ಲ. ವಿಜಯಪುರದ ಗೋಳಗುಮ್ಮಟದ ಗುಮ್ಮಟವೂ ಇಟ್ಟಿಗೆ-ಗಾರೆಯದೇ, 1656ರಿಂದ ನಿಂತಿದೆ.

ಹಾಗಂತ ಅದನ್ನೇ ನಮ್ಮೂರಲ್ಲಿ ಎತ್ತಿ ನಿಲ್ಲಿಸಿ ಅನ್ನುವುದಿಲ್ಲ, ಅದಕ್ಕೆ ನುರಿತ ಕೈ ಬೇಕು. ನಮ್ಮ ನೆಲ ಕೇಳುವುದೇ ಬೇರೆ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಗಟ್ಟಿ ಮುರಮಿನವರೆಗೆ ಹೋಗದಿದ್ದರೆ ಗೋಡೆ ಸೀಳುವುದು ನೀವೇ ನೋಡಿದ್ದೀರಿ. ಗೋಡೆಗೆ ತೀರಾ ಹತ್ತಿರ ದೊಡ್ಡ ಮರ ಬೇಡ, ಬೇರು ನೀರು ಹೀರಿ ಅಲ್ಲಿನ ಮಣ್ಣು ಕುಗ್ಗುತ್ತದೆ. ನೆರಳು ಬೇಕು ನಿಜ, ತುಸು ದೂರದಲ್ಲಿ ಬೇವು ಇರಲಿ, ಕೆಳಗೊಂದು ಕಟ್ಟೆ ಇರಲಿ. ಅಲ್ಲಿ ಸಂಘದ ಸಭೆಯೂ ಆದೀತು.

ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯವರಿಗೆ 2005 ಮತ್ತು 2019ರ ಮಹಾಪೂರ ಮರೆತೀತೇ? ಯಡೂರು, ಕುಡಚಿ, ಉಗಾರ ಕಡೆ ಕಟ್ಟುವುದಾದರೆ ನೀರು ಎಲ್ಲಿವರೆಗೆ ಬಂದಿತ್ತು ಅಂತ ಊರ ಹಿರಿಯ ಹೆಂಗಸರನ್ನು ಕೇಳಿ, ನೆಲಗಟ್ಟು ಅದಕ್ಕಿಂತ ಮೇಲಿರಲಿ. ಅಥಣಿ ಕಡೆ ಬಿಸಿಲೇ ಕಷ್ಟ. ಅಲ್ಲಿ ಹಳೇ ಮಣ್ಣಿನ ಮಾಳಿಗೆ, ದಪ್ಪ ಗೋಡೆಯ ತಂಪು ತಗಡಿಗೆ ಬರುವುದಿಲ್ಲ. ಕಿಟಕಿ ಉತ್ತರಕ್ಕಿದ್ದರೆ ಬೆಳಕು ಬರುತ್ತದೆ, ಬಿಸಿಲು ಪುಸ್ತಕ ಸುಡುವುದಿಲ್ಲ. ಕಪಾಟು ಗೋಡೆಗೆ ತಾಗಿಸಬೇಡಿ, ತೇವ ಮತ್ತು ಗೆದ್ದಲು ಅಲ್ಲಿಂದಲೇ ಬರೋದು.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ‘ಅರಿವು ಕೇಂದ್ರ’ ಎಂಬ ಹೆಸರು ಕೇಳಿರಬಹುದು. ಅಂದಮೇಲೆ ಗ್ರಾಮಸಭೆಯಲ್ಲಿ ಎದ್ದು ಕೇಳಲು ನಮಗೆ ಜಾಗವಿದೆ. ಹೊಸ ಕಟ್ಟಡ ಅಥವಾ ದುರಸ್ತಿಯ ಮಾತು ಬಂದಾಗ ನಕ್ಷೆ ತೋರಿಸಿ ಅನ್ನಿ. ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ, ಬಾಗಿಲು ರಸ್ತೆಗೋ ಅಂಗಳಕ್ಕೋ, ಕೂಲಿಯಿಂದ ಬಂದ ಮೇಲೆ ಸಂಜೆ ಏಳಕ್ಕೆ ದೀಪ ಇರುತ್ತದೋ ಇಲ್ಲವೋ, ಇಷ್ಟನ್ನು ಠರಾವು ಪುಸ್ತಕದಲ್ಲಿ ಬರೆಸಿ.