ನಮಗೆ ಲೈಟು ಕಾಣುತ್ತದೆ, ಚಾಲಕನಿಗೆ ನಾವು ಕಾಣುವುದಿಲ್ಲ



ಜುಮಾದ ಬಯಾನ್‌ನಲ್ಲಿ ದಾರಿಯ ಹಕ್ಕುಗಳ ಕುರಿತು ಮಾತನಾಡಿದ ದಿನ, ನಮಾಝ್ ಮುಗಿದ ಮೇಲೆ ಲಾರಿ ಓಡಿಸುವ ಸಹೋದರರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. "ಹಜ್ರತ್, ಶಾಂತಿಗ್ರಾಮದ ಟೋಲ್ ದಾಟಿದ ಮೇಲೆ ರಾತ್ರಿ ಹೊತ್ತು ಯಾರಾದರೂ ದಿಢೀರನೆ ಅಡ್ಡ ಬಂದುಬಿಡುತ್ತಾರೆ. ಮೊನ್ನೆ ಒಬ್ಬ ಕೂದಲೆಳೆಯಲ್ಲಿ ಉಳಿದ. ಬಡಿದಿದ್ದರೆ ಅಲ್ಲಾಹನ ಮುಂದೆ ಹೊಣೆ ಯಾರದು? ನನ್ನದೋ, ಅವನದೋ?" ಎಂದು ಕೇಳಿದರು. ನಿಂತಲ್ಲೇ ಉತ್ತರಿಸಿ ಮುಗಿಸುವ ಪ್ರಶ್ನೆ ಅದಲ್ಲವೆನಿಸಿ ಇಲ್ಲಿ ಬರೆಯುತ್ತಿದ್ದೇವೆ.

ಬೆಂಗಳೂರು–ಮಂಗಳೂರು ಹೆದ್ದಾರಿ ಈಗ 75, ಹಳಬರ ಬಾಯಲ್ಲಿ ಇನ್ನೂ 48. ನಾಲ್ಕು ಪಥವಾದ ಮೇಲೆ ವಾಹನಗಳ ವೇಗ ಬದಲಾಯಿತು, ನಮ್ಮ ನಡಿಗೆ ಬದಲಾಗಲಿಲ್ಲ. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ, ಬಸ್ಸು ನಿಲ್ಲುವ ಜಾಗ ಮತ್ತೊಂದು ಕಡೆ. ಹಿಂದೆ ಎತ್ತಿನ ಗಾಡಿ ನೋಡಿಕೊಂಡು ದಾಟುತ್ತಿದ್ದ ಹಾಗೆಯೇ ಇಂದಿಗೂ ದಾಟುತ್ತೇವೆ.

ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಕಣ್ಣಿನ ಮೋಸ. ಕತ್ತಲಲ್ಲಿ ರಸ್ತೆಯಂಚಿನಲ್ಲಿ ನಿಂತವನಿಗೆ ಒಂದು ಕಿಲೋಮೀಟರ್ ದೂರದ ಲಾರಿಯ ಲೈಟೂ ಕಾಣುತ್ತದೆ. ನನಗೆ ಅವನು ಇಷ್ಟು ಚೆನ್ನಾಗಿ ಕಾಣುತ್ತಿರುವಾಗ ಅವನಿಗೆ ನಾನು ಕಾಣದಿರುತ್ತೇನೆಯೇ ಎಂದು ಮನಸ್ಸು ಹೇಳುತ್ತದೆ. ಆದರೆ ಬೆಳಕು ಇರುವುದು ಅವನ ಬಳಿ, ನಮ್ಮ ಬಳಿಯಲ್ಲ. ಡಿಮ್ ಲೈಟಿನಲ್ಲಿ ಕಪ್ಪು ಬಟ್ಟೆ ತೊಟ್ಟವನು ಚಾಲಕನ ಕಣ್ಣಿಗೆ ಬೀಳುವುದು ಸುಮಾರು 30 ಮೀಟರ್ ಹತ್ತಿರವಾದಾಗ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡದ್ದು ಮನುಷ್ಯನೆಂದು ತಿಳಿದು ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 33 ಮೀಟರ್ ಕಳೆದಿರುತ್ತದೆ. ಅಂದರೆ ಬ್ರೇಕ್ ಮುಟ್ಟುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ಬ್ರೇಕ್ ಹಿಡಿದ ಮೇಲೂ ಕಾರು ನಿಲ್ಲಲು ಇನ್ನೂ 35 ಮೀಟರ್ ಬೇಕು, ಲೋಡ್ ತುಂಬಿದ ಲಾರಿಗೆ ಅದಕ್ಕಿಂತ ಹೆಚ್ಚು. ಮಳೆಯಲ್ಲಿ, ಫಜ್ರ್ ಹೊತ್ತಿನ ಮಂಜಿನಲ್ಲಿ ಈ ಲೆಕ್ಕವೂ ಸಾಲದು.

ಎದುರಿನಿಂದ ಇನ್ನೊಂದು ವಾಹನ ಬ್ರೈಟ್ ಹಾಕಿಕೊಂಡು ಬಂದರೆ ಎರಡು ಬೆಳಕಿನ ನಡುವೆ ನಿಂತವನು ಮಾಯವೇ ಆಗುತ್ತಾನೆ. ಕಣ್ಣು ಕುಕ್ಕಿದ ಮೇಲೆ ಮತ್ತೆ ಸರಿಹೋಗಲು ಕೆಲವು ಸೆಕೆಂಡುಗಳು ಬೇಕು, ವಯಸ್ಸಾದವರಿಗೆ ಇನ್ನಷ್ಟು. (ಕಣ್ಣಿನ ಪೊರೆಯ ಆಪರೇಷನ್ ಮುಂದಕ್ಕೆ ಹಾಕುತ್ತಾ ರಾತ್ರಿ ಗಾಡಿ ಓಡಿಸುವ ಹಿರಿಯರು ನಮ್ಮ ಸಫ್‌ಗಳಲ್ಲೂ ಇದ್ದಾರೆ.) ಡಿವೈಡರ್‌ನ ಗಿಡಗಳನ್ನು ನೆಡುವುದು ಎದುರು ಲೈಟು ಕಣ್ಣಿಗೆ ಹೊಡೆಯದಿರಲೆಂದು. ಅವುಗಳ ಸಂದಿನಿಂದ ಹೊರಬರುವ ಮನುಷ್ಯನನ್ನೂ ಅವೇ ಗಿಡಗಳು ಮರೆಮಾಡುತ್ತವೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು.

ಇನ್ನು ಆ ಸಹೋದರರ ಪ್ರಶ್ನೆ. ಪ್ರಮಾದದಿಂದ ಪ್ರಾಣ ಹೋದರೂ ಅದು ಲಘುವಲ್ಲ. ಸೂರಃ ಅನ್ನಿಸಾದ 92ನೆಯ ಆಯತ್ ಅದಕ್ಕೆ ಪರಿಹಾರಧನವನ್ನೂ ಪ್ರಾಯಶ್ಚಿತ್ತವನ್ನೂ ವಿಧಿಸುತ್ತದೆ. ಗುಲಾಮನ ವಿಮೋಚನೆ ಸಾಧ್ಯವಾಗದವನಿಗೆ ಎರಡು ತಿಂಗಳ ಸತತ ಉಪವಾಸ. 1993ರ ಜೂನ್‌ನಲ್ಲಿ ಬ್ರೂನೈಯಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ ಈ ವಿಷಯವನ್ನೇ ಚರ್ಚಿಸಿತು. ಅಪಘಾತಕ್ಕೆ ಸಾಮಾನ್ಯವಾಗಿ ಚಾಲಕನೇ ಹೊಣೆ. ಅವನಿಂದ ತಡೆಯಲಾಗದ ಕಾರಣದಿಂದ ನಡೆದಿದ್ದರೆ, ಅಥವಾ ಪೆಟ್ಟು ತಿಂದವನ ಕೃತ್ಯದಿಂದಲೇ ಅಥವಾ ಮೂರನೆಯವನ ತಪ್ಪಿನಿಂದಲೇ ನಡೆದಿದ್ದರೆ ಅವನಿಗೆ ವಿನಾಯಿತಿ. ಇಬ್ಬರೂ ಕಾರಣರಾದರೆ ಇಬ್ಬರಿಗೂ ಪಾಲು ಎಂದು ವಿದ್ವಾಂಸರು ನಿರ್ಣಯಿಸಿದರು. ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕ ಕರ್ತವ್ಯವೆಂದೂ ಹೇಳಿದರು.

ಹಾಗಾಗಿ ನಾವು ಆ ಸಹೋದರರಿಗೆ ಮರುಪ್ರಶ್ನೆ ಹಾಕಿದೆವು: ನಿಮ್ಮ ವೇಗ ಎಷ್ಟಿತ್ತು? ಕೈಯಲ್ಲಿ ಮೊಬೈಲ್ ಇತ್ತೇ? ಲೈಟಿನ ಗಾಜು ಒರೆಸಿ ಎಷ್ಟು ದಿನವಾಯಿತು? "ದಿಢೀರನೆ ಬಂದ" ಎನ್ನುವ ಹಕ್ಕು ಇವಕ್ಕೆಲ್ಲ ಸರಿಯಾದ ಉತ್ತರ ಇರುವವನಿಗೆ ಮಾತ್ರ. ಆದರೆ ಅದೇ ನಿರ್ಣಯ ನಡೆಯುವವನನ್ನೂ ಬಿಟ್ಟಿಲ್ಲ. ಬಡವ, ಕಾಲ್ನಡಿಗೆಯವ ಎಂದು ಅವನ ತಪ್ಪು ತಪ್ಪಲ್ಲದಂತಾಗುವುದಿಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು ಡಿವೈಡರ್ ಹಾರುವ ಹುಡುಗ ತನ್ನ ಪ್ರಾಣವನ್ನಷ್ಟೇ ಪಣಕ್ಕಿಡುವುದಿಲ್ಲ, ಒಬ್ಬ ಅಪರಿಚಿತ ಚಾಲಕನ ನಿದ್ದೆಯನ್ನೂ, ಅವನ ಮಕ್ಕಳ ಅನ್ನವನ್ನೂ ಪಣಕ್ಕಿಡುತ್ತಾನೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಸಜೆಯಿದೆ.

ಡಿಕ್ಕಿಯಾದರೆ ಓಡಿಹೋಗುವುದು ದೊಡ್ಡ ಪಾಪ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಕಾನೂನಿನ ಪ್ರಕಾರವೂ ಚಾಲಕನ ಕರ್ತವ್ಯ. ಜನರ ಗುಂಪು ಹಲ್ಲೆ ಮಾಡುವ ಭಯವಿದ್ದರೆ ಮೋಟಾರು ವಾಹನ ಕಾಯ್ದೆಯ 134ನೆಯ ಕಲಂ ಅದನ್ನು ಪರಿಗಣಿಸುತ್ತದೆ. ಆಗ ನೇರ ಪೊಲೀಸ್ ಠಾಣೆಗೆ ಹೋಗಿ, 108ಕ್ಕೆ ಕರೆ ಮಾಡಿ. ನೋಡಿದವರು ಎತ್ತಿಕೊಂಡು ಹೋದರೆ ಕೇಸು ಮೈಮೇಲೆ ಬರುತ್ತದೆಂಬ ಹೆದರಿಕೆ ಬೇಡ, 2019ರ ತಿದ್ದುಪಡಿ ಅವರಿಗೆ ರಕ್ಷಣೆ ಕೊಟ್ಟಿದೆ.

ಗುಂಪಾಗಿ ರಸ್ತೆಗಿಳಿಯುವ ವಿಷಯವನ್ನೂ ಹೇಳಲೇಬೇಕು. 2025ರ ಸೆಪ್ಟೆಂಬರ್ 12ರ ರಾತ್ರಿ ನಮ್ಮದೇ ತಾಲೂಕಿನ ಮೊಸಳೆ ಹೊಸಹಳ್ಳಿಯಲ್ಲಿ ಗಣೇಶ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಹಲವು ಎಳೆಯ ಯುವಕರು ತೀರಿಕೊಂಡರು. ಆ ಮನೆಗಳ ದುಃಖ ನಮ್ಮ ದುಃಖವೂ ಹೌದು, ಅಲ್ಲಿ ಪ್ರಾಣ ಬಿಟ್ಟವರ ತಪ್ಪು ಹುಡುಕುವುದು ನಮ್ಮ ಕೆಲಸವಲ್ಲ. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಸೆಪ್ಟೆಂಬರ್ 5ರಂದು, ಈದ್ ಮಿಲಾದ್ ಇತ್ತು. ನಮ್ಮ ಮಕ್ಕಳೂ ಬಾವುಟ ಹಿಡಿದು ರಸ್ತೆಗಿಳಿಯುತ್ತಾರೆ. ಮುಂದಿನ ಬಾರಿ ಕತ್ತಲಾಗುವ ಮೊದಲೇ ಮೆರವಣಿಗೆ ಮುಗಿಸುವ ಬಗ್ಗೆ ಜಮಾಅತ್‌ಗಳು ಈಗಲೇ ಯೋಚಿಸಲಿ.

ಸಹೋದರಿಯರಿಗೆ ಒಂದು ಮಾತು. ಶಾದಿ ಮಹಲಿನಿಂದ, ತರಾವೀಹ್ ದಿನಗಳಲ್ಲಿ ಬಂಧುಗಳ ಮನೆಯಿಂದ, ಕಪ್ಪು ಬುರ್ಖಾ ತೊಟ್ಟು ಮಕ್ಕಳ ಕೈ ಹಿಡಿದು ರಸ್ತೆ ಬದಿಯಲ್ಲಿ ನಡೆದು ಬರುವಾಗ ನೀವು ಚಾಲಕನಿಗೆ ಕಾಣುವುದೇ ಇಲ್ಲ. ಮೈ ಮುಚ್ಚಬೇಕೆಂಬುದು ಆಜ್ಞೆ, ಬಣ್ಣ ಕಪ್ಪೇ ಇರಬೇಕೆಂಬುದು ರೂಢಿ. ತಿಳಿ ಬಣ್ಣದ ಬುರ್ಖಾ ತೊಟ್ಟರೆ ದೀನ್ ಕಡಿಮೆಯಾಗುವುದಿಲ್ಲ. ಗಂಡಸರಿಗಂತೂ ಬಿಳಿ ಬಟ್ಟೆಯನ್ನು ಪ್ರವಾದಿ(ಸ)ಯವರೇ ಇಷ್ಟಪಟ್ಟು ಸೂಚಿಸಿದ್ದಾರೆ. ನಮ್ಮ ಹುಡುಗರಿಗೆ ಮಾತ್ರ ಕಪ್ಪು ಜಾಕೆಟ್ಟೇ ಬೇಕು! ಕಪ್ಪನ್ನೇ ತೊಡುವವರು ಮೊಬೈಲಿನ ಟಾರ್ಚ್ ಉರಿಸಿ ನೆಲದತ್ತ ಹಿಡಿದು ನಡೆಯಿರಿ. ಸರ್ವಿಸ್ ರಸ್ತೆ ಇರುವಲ್ಲಿ ಅದನ್ನೇ ಹಿಡಿಯಿರಿ, ಇಲ್ಲದ ಊರ ರಸ್ತೆಯಲ್ಲಿ ವಾಹನ ಎದುರಿನಿಂದ ಬರುವಂತೆ ಬಲಬದಿಯಲ್ಲಿ ನಡೆಯಿರಿ, ಮಕ್ಕಳನ್ನು ಒಳಬದಿಗೆ ಹಾಕಿಕೊಳ್ಳಿ.

ಲಾರಿಗಳ ಹಿಂದೆ ಅಂಟಿಸುವ ರೇಡಿಯಂ ಪಟ್ಟಿ ನೂರು ಮೀಟರ್ ಆಚೆಯಿಂದಲೂ ಹೊಳೆಯುತ್ತದೆ, ಬೆಲೆಯೂ ಅಲ್ಪ. ಬೆಳಗಿನ ಮದರಸಕ್ಕೆ ಬರುವ ಮಕ್ಕಳ ಚೀಲಗಳಿಗೂ, ಫಜ್ರ್‌ಗೆ ಬರುವ ಹಿರಿಯರ ಊರುಗೋಲುಗಳಿಗೂ ಅದನ್ನು ಅಂಟಿಸಲು ಶುರು ಮಾಡಿದ್ದೇವೆ. ಉಳಿದ ಪಟ್ಟಿ ಮಸೀದಿಯ ಕಚೇರಿಯಲ್ಲಿದೆ. ಮನೆಮಂದಿಗೆ ಬೇಕಾದವರು ಇಶಾ ನಮಾಝಿನ ನಂತರ ಬಂದು ಕೇಳಿ ತೆಗೆದುಕೊಂಡು ಹೋಗಬಹುದು, ಕತ್ತರಿ ಅಲ್ಲೇ ಇದೆ.